ಕಾಣಿಕೆ ಕೊಟ್ಟವರಿಗಷ್ಟೇ ಲೆಕ್ಕವೇ?

ಕ್ರೈಸ್ತ ಮಿಷನರಿಗಳ ಮಾತು ಬಂದೊಡನೆ ನಮ್ಮಲ್ಲಿ ಬಹುತೇಕರ ಬಾಯಿಗೆ ಬರುವುದು 'ವಿದೇಶಿ ಹಣ' ಎಂಬ ಎರಡು ಪದಗಳು. ಇವನ್ನು ಉಚ್ಚರಿಸಿದ ಮೇಲೆ ಬೇರೇನನ್ನೂ ತಿಳಿದುಕೊಳ್ಳುವ ಅಗತ್ಯ ಭಾಷಣಕಾರನಿಗೂ ಇಲ್ಲ, ಕೇಳುಗನಿಗೂ ಇಲ್ಲ. ಸಮುದ್ರದಾಚೆ ಎಲ್ಲೋ ಒಂದು ಬೃಹತ್ ಖಜಾನೆಯಿದೆ, ಅದರ ಬೀಗದ ಕೈ ಯಾವುದೋ ಸರ್ಕಾರದ ಬಳಿಯಿದೆ, ಬಡವರ ಧರ್ಮವನ್ನು ಕೊಂಡುಕೊಳ್ಳಲು ಅಲ್ಲಿಂದ ಇಲ್ಲಿಗೆ ಹಣ ಹರಿಯುತ್ತಿದೆ ಎಂಬ ಚಿತ್ರ ಎಲ್ಲರ ತಲೆಯಲ್ಲೂ ಸಿದ್ಧವಾಗಿದೆ. ಈ ಚಿತ್ರವನ್ನು ತೋರಿಸಿ ಮತ ಗಳಿಸಿದವರಿದ್ದಾರೆ, ಪ್ರಾರ್ಥನಾಲಯಗಳ ಗಾಜು ಒಡೆದವರೂ ಇದ್ದಾರೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲಿ ಚರ್ಚುಗಳ ಮೇಲೆ ನಡೆದ ದಾಳಿಗಳನ್ನು ಕರಾವಳಿಯ ಜನ ಇನ್ನೂ ಮರೆತಿಲ್ಲ.

ವಾಸ್ತವ ಬೇರೆಯೇ ಇದೆ. ಕಳೆದ ಎರಡು ಶತಮಾನಗಳಲ್ಲಿ ಪ್ರೊಟೆಸ್ಟೆಂಟ್ ಮಿಷನರಿಗಳನ್ನು ಹೊರದೇಶಗಳಿಗೆ ಕಳಿಸಿ ಅವರ ಅನ್ನ ಬಟ್ಟೆಯ ಹೊಣೆ ಹೊತ್ತವರಲ್ಲಿ ಹೆಚ್ಚಿನವರು ಹಳ್ಳಿ ಪೇಟೆಗಳ ಸಾಮಾನ್ಯ ಸಭೆಗಳ ಸಾಮಾನ್ಯ ಸದಸ್ಯರು. ರೈತರು, ನೇಕಾರರು, ಚಮ್ಮಾರರು, ಮನೆಗೆಲಸದ ಹೆಣ್ಣುಮಕ್ಕಳು. ಅವರ ಚಿಲ್ಲರೆ ಕಾಸಿನ ಮೇಲೆ ಈ ಇಡೀ ಕಟ್ಟಡ ನಿಂತಿದೆ. ಇದನ್ನು ಒಪ್ಪಿಕೊಳ್ಳದೆ ಮಿಷನರಿಗಳ ವಿಮರ್ಶೆ ಮಾಡಹೊರಟವರು ಗಾಳಿಯೊಡನೆ ಗುದ್ದಾಡುತ್ತಿದ್ದಾರೆ. ಹಾಗೆಂದು ಈ ವ್ಯವಸ್ಥೆ ಪ್ರಶ್ನಾತೀತವೂ ಅಲ್ಲ. ಹಣ ಎಲ್ಲಿಂದ ಬಂತು ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ಕಳಿಸಿದ ಸಭೆಗೆ ಮಿಷನರಿ ತಪ್ಪದೆ ಲೆಕ್ಕ ಒಪ್ಪಿಸುತ್ತಾನೆ. ಯಾರ ಊರಿಗೆ ಅವನು ಬಂದನೋ ಆ ಊರಿನವರಿಗೆ ಯಾವ ಲೆಕ್ಕ ಒಪ್ಪಿಸುತ್ತಾನೆ?

ಹಗ್ಗದ ಎರಡು ತುದಿ

1792ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಕೆಟರಿಂಗ್ ಎಂಬ ಸಣ್ಣ ಪೇಟೆಯಲ್ಲಿ, ಒಬ್ಬ ವಿಧವೆಯ ಮನೆಯ ಹಿಂಬದಿಯ ಕೋಣೆಯಲ್ಲಿ, ಕೆಲವೇ ಮಂದಿ ಬ್ಯಾಪ್ಟಿಸ್ಟ್ ಪಾದ್ರಿಗಳು ಸೇರಿದರು. ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿ ಹುಟ್ಟಿದ್ದು ಅಲ್ಲಿ. ಅಂದು ಅವರು ಕೊಡುವುದಾಗಿ ಬರೆದುಕೊಟ್ಟ ಒಟ್ಟು ಮೊತ್ತ 13 ಪೌಂಡ್ 2 ಶಿಲಿಂಗ್ 6 ಪೆನ್ಸ್. ಆ ಚೀಟಿಗಳನ್ನು ಹಾಕಿಕೊಳ್ಳಲು ಸಿಕ್ಕಿದ್ದು ಆಂಡ್ರ್ಯೂ ಫುಲ್ಲರ್ ಎಂಬ ಪಾದ್ರಿಯ ನಶ್ಯದ ಡಬ್ಬಿ. ಆ ಸೊಸೈಟಿಯ ಪರವಾಗಿ ಮರುವರ್ಷ ಬಂಗಾಳಕ್ಕೆ ಹೊರಟ ವಿಲಿಯಂ ಕೇರಿ ಚಮ್ಮಾರಿಕೆ ಮಾಡಿ ಬದುಕಿದವನು. ಈಸ್ಟ್ ಇಂಡಿಯಾ ಕಂಪನಿಗೆ ಅವನಂಥವರು ಬೇಕಿರಲಿಲ್ಲ. ವ್ಯಾಪಾರಕ್ಕೆ ಅಡ್ಡಿಯಾದೀತೆಂಬ ಭಯ ಅದಕ್ಕಿತ್ತು. ಕೇರಿ ಡೇನಿಷ್ ಹಡಗು ಹತ್ತಿ ಬಂದ, 1800ರಲ್ಲಿ ಡೇನರ ವಶದಲ್ಲಿದ್ದ ಸೆರಾಂಪುರದಲ್ಲಿ ನೆಲೆ ನಿಂತ. ಮಿಷನರಿಯೆಂದರೆ ಕಂಪನಿಯ ಏಜೆಂಟ್ ಎಂದು ಒಂದೇ ಉಸಿರಿನಲ್ಲಿ ಹೇಳುವವರು ಈ ಚರಿತ್ರೆಯನ್ನು ಓದಿಲ್ಲ.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. 1813ರಲ್ಲಿ ಕಂಪನಿಯ ಸನ್ನದು ನವೀಕರಣಕ್ಕೆ ಬಂದಾಗ ಬ್ರಿಟನ್ನಿನ ಸಭೆಗಳಿಂದ ನೂರಾರು ಮನವಿಪತ್ರಗಳು ಪಾರ್ಲಿಮೆಂಟಿಗೆ ಹರಿದುಬಂದವು. ಭಾರತದ ಬಾಗಿಲು ಮಿಷನರಿಗಳಿಗೆ ತೆರೆಯಲಿ ಎಂಬುದು ಅವುಗಳ ಬೇಡಿಕೆ. ಬಾಗಿಲು ತೆರೆಯಿತು. ಗಮನಿಸಬೇಕಾದದ್ದು ಇದನ್ನು: ಕಾಣಿಕೆ ಕೊಡುತ್ತಿದ್ದ ಸಾಮಾನ್ಯ ಜನರೇ ಸಹಿ ಹಾಕಿದರು, ಅವರ ಪಾರ್ಲಿಮೆಂಟೇ ತೀರ್ಮಾನಿಸಿತು. ಯಾವ ಮನೆಯ ಬಾಗಿಲು ತೆರೆಯಬೇಕಿತ್ತೋ ಆ ಮನೆಯವರನ್ನು ಯಾರೂ ಕೇಳಲಿಲ್ಲ.

ಫುಲ್ಲರ್‌ನ ಒಂದು ಹೋಲಿಕೆ ಬ್ಯಾಪ್ಟಿಸ್ಟ್ ವಲಯದಲ್ಲಿ ಇಂದಿಗೂ ಪ್ರಸಿದ್ಧ. ಭಾರತವೆಂದರೆ ಆಳವಾದ ಚಿನ್ನದ ಗಣಿ; ಕೇರಿ ಅದರೊಳಗೆ ಇಳಿಯುತ್ತಾನೆ; ಊರಿನಲ್ಲಿ ಉಳಿದವರು ಮೇಲಿನಿಂದ ಹಗ್ಗ ಹಿಡಿದಿರುತ್ತಾರೆ. ಕಳಿಸುವ ಸಭೆಗಳ ನಿಷ್ಠೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು. ಎರಡು ಶತಮಾನಗಳಿಂದ ಆ ಹಗ್ಗವನ್ನು ಅವರು ಕೈಬಿಟ್ಟಿಲ್ಲ. ಆದರೆ ಆ ಗಣಿಯೊಳಗೆ ಮೊದಲೇ ಜನ ಮನೆ ಕಟ್ಟಿಕೊಂಡು, ಮಕ್ಕಳು ಮರಿಗಳೊಂದಿಗೆ, ತಮ್ಮದೇ ದೇವರು ದಿಂಡರೊಂದಿಗೆ ಬದುಕಿದ್ದರು ಎಂಬ ಸಂಗತಿ ಈ ಹೋಲಿಕೆಯಲ್ಲಿ ಬರುವುದೇ ಇಲ್ಲ. ಹಗ್ಗಕ್ಕೆ ಎರಡೇ ತುದಿ. ಒಂದು ಹಿಡಿದವರ ಕೈಯಲ್ಲಿ, ಇನ್ನೊಂದು ಇಳಿದವನ ಸೊಂಟದಲ್ಲಿ.

ವಾರಕ್ಕೆ ಅರ್ಧ ಬಾಟ್ಸನ್

ಕನ್ನಡಿಗರಿಗೆ ಹೆಚ್ಚು ಹತ್ತಿರದ ಉದಾಹರಣೆ ಬಾಸೆಲ್ ಮಿಷನ್. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಅದು ಸ್ಥಾಪನೆಯಾಯಿತು. 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದಲ್ಲಿ ಅವಕಾಶ ಕೊಟ್ಟಿತು. ಮರುವರ್ಷವೇ, 1834ರ ಅಕ್ಟೋಬರ್‌ನಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಮುಂದಿನ ಕಥೆ ನಮಗೆಲ್ಲ ಗೊತ್ತು. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ', 1865ರಲ್ಲಿ ಹಂಚಿನ ಕಾರ್ಖಾನೆ, 1894ರಲ್ಲಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು. ಕನ್ನಡದ ಈ ಋಣವನ್ನು ಅಲ್ಲಗಳೆಯುವುದು ಕೃತಘ್ನತೆ.

ಇದಕ್ಕೆಲ್ಲ ಹಣ ಎಲ್ಲಿಂದ ಬಂತು? ಬಾಸೆಲಿನ ಶ್ರೀಮಂತ ವರ್ತಕರ ಪಾಲು ಅದರಲ್ಲಿ ಇದ್ದೇ ಇತ್ತು. ಮಿಷನ್ನಿನ ವ್ಯಾಪಾರ ಕಂಪನಿಯ ಲಾಭದಲ್ಲಿ ಒಂದು ಭಾಗವೂ ಬಂತು. ಆದರೆ 1855ರಲ್ಲಿ ಬಾಸೆಲಿನ ಕಾರ್ಲ್ ಸರಾಸಿನ್ ಎಂಬ ರೇಷ್ಮೆ ಪಟ್ಟಿ ಉದ್ಯಮಿ ಆರಂಭಿಸಿದ 'ಅರ್ಧ ಬಾಟ್ಸನ್ ಸಂಗ್ರಹ' ಎಂಬ ಪದ್ಧತಿ ಮಿಷನ್ನಿನ ಬೇರನ್ನು ಬಡವರ ಮನೆಗಳಿಗೆ ಇಳಿಸಿತು. ಬಾಟ್ಸನ್ ಎಂಬುದು ಸ್ವಿಸ್ ದೇಶದ ಹಳೆಯ ನಾಣ್ಯ. ಅದರ ಅರ್ಧವೆಂದರೆ 5 ಸಾಂತಿಮ್. ಒಬ್ಬರು ವಾರಕ್ಕೆ ಅಷ್ಟು ಕೊಟ್ಟರೆ ಸಾಕು. ಸಂಗ್ರಾಹಕರು ಮನೆ ಮನೆಗೆ ಹೋಗಿ ಅದನ್ನು ಎತ್ತುತ್ತಿದ್ದರು. ನೂರು ಫ್ರಾಂಕ್ ಕೊಡುವ ಒಬ್ಬ ಧನಿಕನಿಗಿಂತ ಐದು ಸಾಂತಿಮ್ ಕೊಡುವ ಸಾವಿರ ಮಂದಿ ಮೇಲು ಎಂಬ ಲೆಕ್ಕಾಚಾರ ಗಟ್ಟಿಯಾಗಿತ್ತು. ಧನಿಕನ ಮನಸ್ಸು ಬದಲಾದರೆ ನಷ್ಟ ದೊಡ್ಡದು. ಸಾವಿರ ಮಂದಿಯ ಮನಸ್ಸು ಒಂದೇ ದಿನ ಬದಲಾಗದು. ಮಿಷನ್ನಿನ ಮುಖ್ಯ ಆದಾಯಗಳಲ್ಲಿ ಇದೂ ಒಂದಾಯಿತು. ಹೊರಟುಬಂದ ಮಿಷನರಿಗಳಲ್ಲೂ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಹೀಗೆ ಹಣವೂ ಹಳ್ಳಿಯದು, ಮನುಷ್ಯನೂ ಹಳ್ಳಿಯವನು.

ಆದರೆ ತೀರ್ಮಾನ ಯಾರದು? ಬಾಸೆಲಿನಲ್ಲಿ ಕುಳಿತ ಕಮಿಟಿಯದು. ಅದರಲ್ಲಿದ್ದವರು ನಗರದ ಹಳೆಯ ಸಿರಿವಂತ ಮನೆತನಗಳವರು, ವರ್ತಕರು, ಪಾದ್ರಿಗಳು. ಮಿಷನರಿ ಎಲ್ಲಿರಬೇಕು, ಯಾವಾಗ ಮದುವೆಯಾಗಬೇಕು, ಯಾರನ್ನು ಮದುವೆಯಾಗಬೇಕು ಎಂಬುದಕ್ಕೂ ಅದರ ಅಪ್ಪಣೆ ಬೇಕಿತ್ತು. ಮುಖವನ್ನೇ ನೋಡಿರದ ವರನನ್ನು ಮದುವೆಯಾಗಲು ಹಡಗು ಹತ್ತಿ ಬಂದ ಹೆಣ್ಣುಮಕ್ಕಳಿದ್ದರು. ಇಲ್ಲಿ ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಬಾಸೆಲಿಗೆ ಕಳಿಸಿ ತಾಯಂದಿರು ವರ್ಷಗಟ್ಟಲೆ ಕಾಣದೆ ಉಳಿದರು. ಕಳಿಸಲ್ಪಟ್ಟವನಿಗೇ ಇಷ್ಟು ಕಡಿಮೆ ಮಾತಿದ್ದಾಗ, ಅವನು ಬಂದು ನಿಂತ ಊರಿನ ಬಿಲ್ಲವನಿಗೆ, ಕೊಡಗಿನ ಕಾಫಿ ತೋಟದ ಹೊಲೆಯನಿಗೆ ಎಷ್ಟು ಮಾತಿದ್ದೀತು? ಜಾತಿಯನ್ನು ಬಿಟ್ಟು ಬಂದವನು ಮನೆ, ಕೆಲಸ, ಬಂಧುಬಳಗ ಎಲ್ಲವನ್ನೂ ಕಳೆದುಕೊಂಡ. ಅವನಿಗೆ ಮಿಷನ್ನು ಹಂಚಿನ ಕಾರ್ಖಾನೆಯಲ್ಲಿ, ನೇಯ್ಗೆಯ ಶಾಲೆಯಲ್ಲಿ ದುಡಿಮೆ ಕೊಟ್ಟಿತು. ಅದು ದೊಡ್ಡ ಉಪಕಾರ. ಅದೇ ಹೊತ್ತಿಗೆ ಅವನ ಪಾದ್ರಿ, ಅವನ ಧಣಿ, ಅವನ ಮನೆಯ ಜಾಗದ ಒಡೆಯ ಎಲ್ಲರೂ ಒಂದೇ ಸಂಸ್ಥೆಯವರಾದರು. ಆ ಸಂಸ್ಥೆಯ ಮೇಲೆ ದೂರಿದ್ದರೆ ಹೇಳುವುದು ಯಾರಿಗೆ? ದೂರು ಹೋಗಬೇಕಾದ ಜಾಗ ಬಾಸೆಲಿನಲ್ಲಿತ್ತು, ದೂರಿನ ಭಾಷೆ ತುಳುವಾಗಿತ್ತು.

ತಲೆಯಾಡಿಸುವ ಗೊಂಬೆ

ಜರ್ಮನಿ, ಸ್ವಿಟ್ಜರ್‌ಲೆಂಡ್‌ಗಳ ಚರ್ಚುಗಳಲ್ಲಿ, ಭಾನುವಾರ ಶಾಲೆಗಳಲ್ಲಿ 20ನೇ ಶತಮಾನದ ನಡುಭಾಗದವರೆಗೂ ಒಂದು ಬಗೆಯ ಕಾಣಿಕೆ ಡಬ್ಬಿ ಇರುತ್ತಿತ್ತು. ಡಬ್ಬಿಯ ಮೇಲೆ ಮೊಣಕಾಲೂರಿ ಕೈಮುಗಿದ ಪುಟ್ಟ ಕಪ್ಪು ಹುಡುಗನ ಗೊಂಬೆ. ಮಕ್ಕಳು ಕಾಸು ಹಾಕಿದೊಡನೆ ಗೊಂಬೆ ತಲೆಯಾಡಿಸಿ ವಂದನೆ ಹೇಳುತ್ತಿತ್ತು. ಇಂದು ಅವು ಮ್ಯೂಸಿಯಂಗಳಲ್ಲಿವೆ, ನೋಡಿದವರು ನಾಚಿಕೊಳ್ಳುತ್ತಾರೆ. ಆದರೆ ನಾಚಿಕೆಪಡಬೇಕಾದದ್ದು ಗೊಂಬೆಯ ಬಣ್ಣಕ್ಕಾಗಿ ಮಾತ್ರವಲ್ಲ. ಆ ಡಬ್ಬಿ ಮಗುವಿಗೆ ಕಲಿಸಿದ ಪಾಠವೇನು? ನೀನು ಕೊಡುವವನು, ಅವನು ಪಡೆಯುವವನು. ನೀನು ಕೊಟ್ಟರೆ ಅವನು ತಲೆಯಾಡಿಸುತ್ತಾನೆ. ಅವನು ಮಾತಾಡುವುದಿಲ್ಲ. ಆ ಗೊಂಬೆಗೆ ತಲೆಯನ್ನು ಅಡ್ಡಡ್ಡ ಆಡಿಸಿ 'ಬೇಡ' ಎನ್ನಲು ಬರುತ್ತಿರಲಿಲ್ಲ.

ಕಾಣಿಕೆ ನಿಲ್ಲದೆ ಬರಬೇಕಾದರೆ ಕೊಡುವವನ ಮನ ಕರಗುತ್ತಲೇ ಇರಬೇಕು. ಮನ ಕರಗಿಸಲು ದೂರದ ಊರು ಕತ್ತಲಲ್ಲಿರಬೇಕು. ಮಿಷನ್ ಪತ್ರಿಕೆಗಳಿಗೆ ವರದಿ ಬರೆಯುತ್ತಿದ್ದ ಮಿಷನರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವನು ಕಂಡ ಊರಿನಲ್ಲಿ ಮೋಸವೂ ಇತ್ತು, ಸಜ್ಜನಿಕೆಯೂ ಇತ್ತು. ಮೂಢನಂಬಿಕೆಯಂತೆ ತತ್ತ್ವಚಿಂತನೆಯೂ ಇತ್ತು. ಕಿಟ್ಟೆಲ್, ಮೋಗ್ಲಿಂಗ್ ಅಂಥವರು ಕನ್ನಡದ ಕಾವ್ಯ, ವಚನ, ದಾಸಸಾಹಿತ್ಯಗಳಲ್ಲಿ ಮುಳುಗಿ ಎದ್ದವರು. ಆದರೆ ವುರ್ಟೆಂಬರ್ಗಿನ ರೈತನ ಮನೆಗೆ ತಲುಪುವ ಹಾಳೆಯಲ್ಲಿ ಛಂದಸ್ಸಿನ ಸೊಗಸಿಗೆ ಎಷ್ಟು ಜಾಗ? ಅಲ್ಲಿ ಬೇಕಾದದ್ದು ವಿಗ್ರಹ, ಅನಾಥ ಮಗು, ಪರಿವರ್ತನೆಯಾದ ಪಾಪಿ. ಹೀಗೆ ಒಂದು ನಾಡಿನ ಬಗ್ಗೆ ಇನ್ನೊಂದು ನಾಡಿನಲ್ಲಿ ಲಕ್ಷಾಂತರ ಹಾಳೆ ಅಚ್ಚಾಯಿತು. ಅದರಲ್ಲಿ ವರ್ಣಿತರಾದವರಿಗೆ ಅದನ್ನು ಓದಿ 'ಇದು ಸುಳ್ಳು, ಇದು ಅರ್ಧಸತ್ಯ' ಎಂದು ಹೇಳುವ ಅವಕಾಶವೇ ಇರಲಿಲ್ಲ.

ಇಂದಿನ ಡಬ್ಬಿ

ಇದೆಲ್ಲ ಹಳೆಯ ಕಥೆ ಎನ್ನುವವರು ಇಂದಿನ ಪದ್ಧತಿಯನ್ನು ನೋಡಲಿ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳು 1888ರಿಂದ ಕ್ರಿಸ್‌ಮಸ್ ಕಾಲದಲ್ಲಿ ವಿದೇಶಿ ಮಿಷನ್‌ಗಾಗಿ ವಿಶೇಷ ಕಾಣಿಕೆ ಎತ್ತುತ್ತಿವೆ. ಚೀನಾದಲ್ಲಿ ದುಡಿದು 1912ರಲ್ಲಿ ತೀರಿಕೊಂಡ ಲಾಟಿ ಮೂನ್ ಎಂಬ ಮಹಿಳೆಯ ಹೆಸರನ್ನು ಮುಂದೆ ಅದಕ್ಕೆ ಇಡಲಾಯಿತು. ಇತ್ತೀಚಿನ ವರ್ಷಗಳಲ್ಲಿ ಅದು ವರ್ಷಕ್ಕೆ 15 ಕೋಟಿ ಡಾಲರ್ ಮೀರಿದೆ. 1925ರಲ್ಲಿ ಆರಂಭವಾದ ಸಹಕಾರ ಯೋಜನೆಯಂತೆ ಪ್ರತಿಯೊಂದು ಸಭೆಯೂ ತನ್ನ ವರಮಾನದ ಒಂದು ಪಾಲನ್ನು ಸಾಮಾನ್ಯ ನಿಧಿಗೆ ಕಳಿಸುತ್ತದೆ. ಮಿಷನರಿ ಊರೂರು ಅಲೆದು ಬೇಡಬೇಕಿಲ್ಲ. ಒಳ್ಳೆಯ ಏರ್ಪಾಡೇ. ಆದರೆ 2016ರ ಫೆಬ್ರವರಿಯಲ್ಲಿ ಏನಾಯಿತು? ಬಂದದ್ದಕ್ಕಿಂತ ಖರ್ಚು ಹೆಚ್ಚಾಗಿದೆಯೆಂದು ಆ ಮಿಷನ್ ಮಂಡಳಿಯ ಸುಮಾರು 1,100 ಮಿಷನರಿಗಳೂ ಸಿಬ್ಬಂದಿಯೂ ಕೆಲಸದಿಂದ ಇಳಿದರು. ಹತ್ತಿಪ್ಪತ್ತು ವರ್ಷ ಒಂದು ಊರಿನಲ್ಲಿ ಬದುಕಿ, ಅಲ್ಲಿಯ ಭಾಷೆ ಕಲಿತು, ಅಲ್ಲಿಯವರ ಸಾವು ನೋವುಗಳಲ್ಲಿ ಜೊತೆಗಿದ್ದ ಕುಟುಂಬವೊಂದು ಗಂಟುಮೂಟೆ ಕಟ್ಟಿ ಹೊರಟರೆ ಆ ಊರಿನ ಸಣ್ಣ ಸಭೆಗೆ ಏನಾಗುತ್ತದೆ? ಆ ತೀರ್ಮಾನ ಅವರ ಹೊಸ್ತಿಲಿನಿಂದ ಸಾವಿರಾರು ಮೈಲಿ ದೂರದಲ್ಲಿ ಆಯಿತು. ಬಂದದ್ದೂ ಕೇಳದೆ, ಹೋದದ್ದೂ ಕೇಳದೆ.

ಇಂಥ ಸಾಮಾನ್ಯ ನಿಧಿಯ ಬೆಂಬಲವಿಲ್ಲದ ಮಿಷನರಿಯ ಪಾಡು ಇನ್ನೊಂದು ಬಗೆಯದು. ಅವನು ಹೊರಡುವ ಮೊದಲು ಹತ್ತಾರು ಸಭೆಗಳಿಗೆ ಹೋಗಿ, ಚಿತ್ರಗಳನ್ನು ತೋರಿಸಿ, ಸಾಕ್ಷಿ ನುಡಿದು, ತಿಂಗಳಿಗೆ ಇಂತಿಷ್ಟು ಕೊಡುವೆವೆಂಬ ವಾಗ್ದಾನಗಳನ್ನು ಕೂಡಿಸಿಕೊಳ್ಳಬೇಕು. ಹೋದ ಮೇಲೆ ಎಲ್ಲರಿಗೂ ತಪ್ಪದೆ ಪತ್ರ ಬರೆಯಬೇಕು. 'ಈ ವರ್ಷ ಭಾಷೆ ಕಲಿತೆ, ನೆರೆಯವರ ಮನೆಯಲ್ಲಿ ಚಹಾ ಕುಡಿದೆ, ಅವರ ಧರ್ಮದಲ್ಲಿ ನನಗೆ ತಿಳಿಯದ ಬಹಳಷ್ಟಿದೆಯೆಂದು ಅರಿತೆ, ಯಾರೂ ದೀಕ್ಷಾಸ್ನಾನ ಪಡೆಯಲಿಲ್ಲ' ಎಂದು ಬರೆದರೆ ಮುಂದಿನ ವರ್ಷದ ವಾಗ್ದಾನ ಉಳಿದೀತೇ? ಸತ್ಯ ಹೇಳಿದವನ ಸಂಬಳ ಕುಗ್ಗುವ ಏರ್ಪಾಡಿನಲ್ಲಿ ಸಂತರೂ ಸ್ವಲ್ಪ ಬಣ್ಣ ಬೆರೆಸುತ್ತಾರೆ. ತಪ್ಪು ಅವರೊಬ್ಬರದಲ್ಲ, ಪತ್ರಕ್ಕೆ ಬಾಯ್ದೆರೆದು ಕಾದಿರುವ ಸಭೆಯದು.

ಇದರ ಜೊತೆಗೆ ಈಚಿನ ದಶಕಗಳಲ್ಲಿ ಹಬ್ಬಿರುವುದು ಒಂದೆರಡು ವಾರಗಳ ಮಿಷನ್ ಪ್ರವಾಸ. 2007ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಬುಂದಾಂಗ್‌ನ ಸೆಮ್‌ಮುಲ್ ಚರ್ಚಿನಿಂದ ಅಫ್ಘಾನಿಸ್ತಾನಕ್ಕೆ ಹೋದ 23 ಮಂದಿಯನ್ನು ಘಜ್ನಿ ಪ್ರಾಂತದಲ್ಲಿ ತಾಲಿಬಾನಿಗಳು ಅಪಹರಿಸಿದರು. ಇಬ್ಬರನ್ನು ಕೊಂದರು. ನಿರಾಯುಧ ಅತಿಥಿಗಳನ್ನು ಒತ್ತೆಯಿಟ್ಟು ಕೊಲ್ಲುವುದು ಪರಮ ನೀಚ ಕೃತ್ಯ. ಅದಕ್ಕೆ ಇಸ್ಲಾಮಿನ ಹೆಸರು ಹಚ್ಚಿದವರು ಇಸ್ಲಾಮಿಗೇ ಅಪಚಾರವೆಸಗಿದರು. ಇದನ್ನು ಹೇಳದೆ ಮುಂದಿನ ಮಾತು ಆಡುವ ಹಕ್ಕು ಯಾರಿಗೂ ಇಲ್ಲ. ಇದನ್ನು ಹೇಳಿದ ಮೇಲೆ ಕೊರಿಯಾದ ಜನರೇ ಅಂದು ಕೇಳಿದ ಪ್ರಶ್ನೆಯನ್ನು ನಾವೂ ಕೇಳಬಹುದು: ಯುದ್ಧದಲ್ಲಿ ಬೇಯುತ್ತಿದ್ದ ನಾಡಿಗೆ, ಸರ್ಕಾರದ ಎಚ್ಚರಿಕೆಯನ್ನು ಮೀರಿ, ಕೆಲವೇ ದಿನಗಳ ಸೇವೆಗೆಂದು ಯುವಜನರನ್ನು ಕಳಿಸಿದ್ದು ಯಾರ ಅಗತ್ಯಕ್ಕಾಗಿ? ಚರ್ಚು ಕ್ಷಮೆ ಕೋರಿತು. ಉಳಿದವರ ಬಿಡುಗಡೆಗಾಗಿ, ಅಫ್ಘಾನಿಸ್ತಾನಕ್ಕೆ ತನ್ನ ಮಿಷನರಿಗಳು ಹೋಗದಂತೆ ನೋಡಿಕೊಳ್ಳುವುದಾಗಿ ಕೊರಿಯಾ ಸರ್ಕಾರ ಒಪ್ಪಬೇಕಾಯಿತು.

ನಮ್ಮದೇ ಅಂಡಮಾನಿನ ಉದಾಹರಣೆ ಇನ್ನೂ ಕಠೋರ. 2018ರ ನವೆಂಬರ್‌ನಲ್ಲಿ ಜಾನ್ ಅಲೆನ್ ಚೌ ಎಂಬ 26 ವಯಸ್ಸಿನ ಅಮೆರಿಕನ್ ಯುವಕ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಕಾನೂನು ಮೀರಿ ಹೋಗಿ ಅಲ್ಲಿಯ ನಿವಾಸಿಗಳ ಬಾಣಕ್ಕೆ ಬಲಿಯಾದ. ಅಮೆರಿಕದ ಒಂದು ಮಿಷನ್ ಸಂಸ್ಥೆ ಅವನಿಗೆ ತರಬೇತಿ ನೀಡಿತ್ತು. ಅವನ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಆ ದ್ವೀಪದ ಜನ ಹೊರಗಿನವರು ಬೇಡವೆಂದು ದಶಕಗಳಿಂದ ಬಾಣದ ಭಾಷೆಯಲ್ಲಿ ಹೇಳುತ್ತಲೇ ಬಂದಿದ್ದರು. ಹೊರಗಿನ ಒಂದು ಸಾಮಾನ್ಯ ಜ್ವರ ಅವರ ಇಡೀ ಕುಲವನ್ನೇ ಅಳಿಸಬಲ್ಲುದು. ಅವನನ್ನು ದ್ವೀಪದ ಹತ್ತಿರಕ್ಕೆ ಕರೆದೊಯ್ದ ಬಡ ಮೀನುಗಾರರು ಪೊಲೀಸರ ವಶವಾದರು. ಕಳಿಸಿದವರ ಪುಸ್ತಕದಲ್ಲಿ ಚೌ ಹುತಾತ್ಮ. ಮೀನುಗಾರರ ಹೆಸರು ಯಾವ ಪುಸ್ತಕದಲ್ಲಿದೆ?

ಹಿಡಿ ಅಕ್ಕಿಯ ಸಭೆ

ಹಾಗಾದರೆ ದೋಷವೆಲ್ಲ ಬಿಳಿಯರದು, ಡಾಲರಿನದು ಎನ್ನೋಣವೇ? ಅದೂ ಅನುಕೂಲದ ಉತ್ತರ. ಮಿಜೋರಾಮಿನ ಮನೆಗಳಿಗೆ ಹೋಗಿ ನೋಡಿ. ಅಲ್ಲಿಯ ಹೆಂಗಸರು 1910ರಿಂದ 'ಬುಹ್‌ಫಾಯಿ ಥಾಮ್' ಎಂಬ ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಾರೆ. ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ದೇವರಿಗೆಂದು ತೆಗೆದಿಡುತ್ತಾರೆ. ಅದನ್ನು ಮನೆ ಮನೆಯಿಂದ ಕೂಡಿಸಿ ಮಾರಿ ಬಂದ ಹಣ ಚರ್ಚಿಗೆ. ಹಿಡಿ ಹಿಡಿಯಾಗಿ ಕೂಡಿದ್ದು ಇಂದು ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ. ಅದರ ಬಲದಿಂದ ಅಲ್ಲಿಯ ಪ್ರೆಸ್ಬಿಟೇರಿಯನ್ ಸಭೆ ನೂರಾರು ಮಿಷನರಿಗಳನ್ನು ಭಾರತದ ಬೇರೆ ರಾಜ್ಯಗಳಿಗೆ, ಹೊರದೇಶಗಳಿಗೆ ಕಳಿಸುತ್ತದೆ. ದಕ್ಷಿಣದಲ್ಲೂ ಹೀಗೆಯೇ ಆಗಿದೆ. 1903ರಲ್ಲಿ ತಿರುನೆಲ್ವೇಲಿಯ ಕ್ರೈಸ್ತರು ಇಂಡಿಯನ್ ಮಿಷನರಿ ಸೊಸೈಟಿ ಕಟ್ಟಿದಾಗ ಹಣವೂ ಭಾರತೀಯರದು, ಆಳೂ ಭಾರತೀಯ, ಆಡಳಿತವೂ ಭಾರತೀಯರದು ಎಂದು ಪಣ ತೊಟ್ಟರು. ತೆಲುಗು ಸೀಮೆಯ ದೋರ್ನಕಲ್‌ಗೆ ತಮ್ಮವರನ್ನು ಕಳಿಸಿದರು.

'ವಿದೇಶಿ ಹಣ' ಎಂಬ ಕೂಗು ಎಷ್ಟು ಪೊಳ್ಳೆಂಬುದು ಇಲ್ಲಿ ಬಯಲಾಗುತ್ತದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 1976ರಲ್ಲಿ ಬಂತು, 2010ರಲ್ಲಿ ಹೊಸದಾಯಿತು, 2020ರಲ್ಲಿ ಇನ್ನಷ್ಟು ಬಿಗಿಯಾಯಿತು. ಮಿಜೋ ತಾಯಿಯ ಹಿಡಿ ಅಕ್ಕಿಗೆ ಅದು ಏನು ಹೇಳಬಲ್ಲುದು? ಮತ್ತೊಂದೆಡೆ, ಅಕ್ಕಿ ಸ್ವದೇಶದ್ದಾದ ಮಾತ್ರಕ್ಕೆ ಮೂಲ ಪ್ರಶ್ನೆ ಮಾಯವಾಗುವುದೂ ಇಲ್ಲ. ಐಜ್ವಾಲಿನ ಸಭೆ ಕಳಿಸಿದವನು ಬಯಲು ಸೀಮೆಯ ಆದಿವಾಸಿ ಹಳ್ಳಿಗೆ ಹೋದಾಗ, ಆ ಹಳ್ಳಿಯವರ ಬಗ್ಗೆ ಐಜ್ವಾಲಿಗೆ ಅವನು ಬರೆಯುವ ವರದಿಯನ್ನು ಹಳ್ಳಿಯವರು ಓದುತ್ತಾರೆಯೇ? ಸರ್ಕಾರಕ್ಕೆ ಲೆಕ್ಕ ಕೊಡುವುದು ಬೇರೆ, ಊರಿಗೆ ಲೆಕ್ಕ ಕೊಡುವುದು ಬೇರೆ. ಸರ್ಕಾರ ಕೇಳುವುದು ರಶೀದಿಯನ್ನು. ಊರು ಕೇಳಬೇಕಾದದ್ದು ಗೌರವವನ್ನು.

ಬೇಡವೆಂದವರ ಮಾತು

ಈ ಪ್ರಶ್ನೆಯನ್ನು ಹೊರಗಿನವರು ಮಾತ್ರ ಎತ್ತಿದ್ದಲ್ಲ. 1910ರಲ್ಲಿ ಎಡಿನ್‌ಬರೋದಲ್ಲಿ ನಡೆದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ತಿರುನೆಲ್ವೇಲಿ ಸೀಮೆಯ ವಿ.ಎಸ್. ಅಜರಯ್ಯ ಎದ್ದು ನಿಂತು, ಮಿಷನರಿಗಳು ತಮ್ಮ ಸರ್ವಸ್ವವನ್ನು ಕೊಟ್ಟಿದ್ದಾರೆ, ಸಮಾನರ ಗೆಳೆತನವನ್ನು ಮಾತ್ರ ಕೊಟ್ಟಿಲ್ಲ ಎಂಬರ್ಥದ ಮಾತನ್ನಾಡಿದರು. ಸಭಾಂಗಣ ಬೆಚ್ಚಿಬಿತ್ತು. 1971ರಲ್ಲಿ ಕೀನ್ಯಾದ ಪ್ರೆಸ್ಬಿಟೇರಿಯನ್ ನಾಯಕ ಜಾನ್ ಗಾಟು ಅಮೆರಿಕದ ಮಿಲ್ವಾಕಿಯಲ್ಲಿ ಇನ್ನೂ ಮುಂದೆ ಹೋದರು: ಕೆಲ ಕಾಲ ಮಿಷನರಿಗಳನ್ನೂ ಕಳಿಸಬೇಡಿ, ಹಣವನ್ನೂ ಕಳಿಸಬೇಡಿ, ನಮ್ಮ ಕಾಲ ಮೇಲೆ ನಾವು ನಿಲ್ಲಲು ಬಿಡಿ. 1974ರಲ್ಲಿ ಲುಸಾಕಾದಲ್ಲಿ ಸೇರಿದ ಅಖಿಲ ಆಫ್ರಿಕಾ ಚರ್ಚುಗಳ ಸಮ್ಮೇಳನ ಆ ಕರೆಗೆ ದನಿಗೂಡಿಸಿತು. ಡಬ್ಬಿಯ ಮೇಲಿನ ಗೊಂಬೆ ಮೊದಲ ಬಾರಿಗೆ ತಲೆಯನ್ನು ಅಡ್ಡಡ್ಡ ಆಡಿಸಿತ್ತು.

ಕೆಲವರು ಕೇಳಿಸಿಕೊಂಡರು. ಲಂಡನ್ ಮಿಷನರಿ ಸೊಸೈಟಿಯ ಉತ್ತರಾಧಿಕಾರಿಯಾದ ವಿಶ್ವ ಮಿಷನ್ ಪರಿಷತ್ತು 1977ರಲ್ಲಿ ತನ್ನ ರಚನೆಯನ್ನೇ ಬದಲಿಸಿ, ಹಿಂದೆ ಕಳಿಸುತ್ತಿದ್ದ ಸಭೆಗಳನ್ನೂ ಹಿಂದೆ ಪಡೆಯುತ್ತಿದ್ದ ಸಭೆಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಿತು. ನಮ್ಮ ದಕ್ಷಿಣ ಭಾರತ ಸಭೆಯೂ ಅದರಲ್ಲಿದೆ. ಹಣವನ್ನು ಹೇಗೆ ಬಳಸಬೇಕು, ಯಾರು ಎಲ್ಲಿಗೆ ಹೋಗಬೇಕು ಎಂಬುದನ್ನು ಎಲ್ಲರೂ ಸೇರಿ ನಿರ್ಧರಿಸುವ ಪದ್ಧತಿ. ಇದು ಅಸಾಧ್ಯವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಹಾಗಿದ್ದೂ ದೊಡ್ಡ ಹಣ, ದೊಡ್ಡ ಉತ್ಸಾಹ ಇರುವ ಎಷ್ಟೋ ಸಭೆಗಳು ಇಂದಿಗೂ ಹಳೆಯ ಹಗ್ಗವನ್ನೇ ಹಿಡಿದಿವೆ. ಮೇಜಿನ ಸುತ್ತ ಕೂತವರೂ ಸಹಧರ್ಮೀಯರೇ ಹೊರತು, ಊರಿನ ಉಳಿದ ಜನರಿಗೆ ಅಲ್ಲಿ ಇನ್ನೂ ಕುರ್ಚಿಯಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಸುವಾರ್ತೆ ಸಾರುವುದು ಯೇಸುವಿನ ಆಜ್ಞೆ, ಅದಕ್ಕೆ ಊರಿನವರ ಅಪ್ಪಣೆ ಬೇಕೇ ಎಂಬುದು ಮೊದಲನೆಯದು. ಹೊರಡಿ ಎಂದ ಅದೇ ಯೇಸು ಹೇಗೆ ಹೊರಡಬೇಕೆಂಬುದನ್ನೂ ಹೇಳಿದ್ದಾರಲ್ಲ! ಶಿಷ್ಯರನ್ನು ಊರೂರಿಗೆ ಕಳಿಸುವಾಗ ಹಣದ ಚೀಲ ಒಯ್ಯಬೇಡಿ, ಸ್ವಾಗತಿಸಿದವರ ಮನೆಯಲ್ಲಿ ಅವರು ಕೊಟ್ಟದ್ದನ್ನು ಉಣ್ಣಿರಿ, ಸ್ವೀಕರಿಸದ ಊರಿನಿಂದ ಕಾಲಿನ ಧೂಳು ಕೊಡವಿ ಹೊರಡಿರಿ ಎಂದು ಸುವಾರ್ತೆಗಳೇ ಹೇಳುತ್ತವೆ. ಅಂದರೆ ಅಲ್ಲಿ ಮಿಷನರಿಯ ಅನ್ನ ಬರುತ್ತಿದ್ದುದು ಊರಿನವನ ಅಡುಗೆಮನೆಯಿಂದ. ಬಾಗಿಲು ತೆರೆಯುವ, ಮುಚ್ಚುವ ಹಕ್ಕು ಮನೆಯೊಡೆಯನದು. ಬಂದವನು ಅತಿಥಿ. ಮನೆಯಿಂದಲೇ ಬುತ್ತಿ, ಸಂಬಳ, ಕಟ್ಟಡ, ಕಾರ್ಖಾನೆ ಎಲ್ಲವನ್ನೂ ಕಟ್ಟಿ ಕಳಿಸಿದಾಗ ಅತಿಥಿ ಯಜಮಾನನಾದ, ಯಜಮಾನ ಕೈಚಾಚುವವನಾದ. ಕಳಿಸುವ ಸಭೆಗಳ ಉದಾರತೆಯೇ ಸುವಾರ್ತೆಯ ಈ ಕ್ರಮವನ್ನು ತಲೆಕೆಳಗು ಮಾಡಿತು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಇಂಥ ವಿಮರ್ಶೆಯನ್ನು ಬಜರಂಗಿಗಳು ಬಳಸಿಕೊಳ್ಳುವುದಿಲ್ಲವೇ? 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಜೀಪಿನಲ್ಲಿ ಮಲಗಿದ್ದಂತೆಯೇ ಸುಟ್ಟರು. ಆ ಮನುಷ್ಯ ಬಾರಿಪದಾದಲ್ಲಿ ಕುಷ್ಠರೋಗಿಗಳ ನಡುವೆ ಮೂರು ದಶಕ ಬದುಕಿದವರು. ಬೆಂಕಿ ಹಚ್ಚಿದವರಿಗೆ ಲೆಕ್ಕ ಕೇಳುವ ಯಾವ ಅಧಿಕಾರವೂ ಇಲ್ಲ. ಲೆಕ್ಕ ಒಪ್ಪಿಸಬೇಕಾದವರು ಅವರು. ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ನಮ್ಮ ಸಂವಿಧಾನದ 25ನೇ ವಿಧಿ ಎಲ್ಲರಿಗೂ ಕೊಟ್ಟಿದೆ, ಅದು ಉಳಿಯಲೇಬೇಕು. ಆದರೆ ದ್ವೇಷಿಗಳು ಬಳಸಿಕೊಂಡಾರೆಂಬ ಭಯದಿಂದ ನ್ಯಾಯವಾದ ಪ್ರಶ್ನೆಯನ್ನು ನುಂಗಿಕೊಂಡರೆ ಆ ಪ್ರಶ್ನೆ ಅವರ ಸೊತ್ತಾಗಿಬಿಡುತ್ತದೆ. ಸಜ್ಜನರು ಕೇಳದ ಪ್ರಶ್ನೆಯನ್ನು ದುರ್ಜನರು ಕಲ್ಲಿನಿಂದ ಕೇಳುತ್ತಾರೆ.

ಈ ಅಳತೆ ಕ್ರೈಸ್ತರಿಗೆ ಮಾತ್ರ ಹಿಡಿಯಬೇಕಾದದ್ದೂ ಅಲ್ಲ. ಕೊಲ್ಲಿಯಲ್ಲಿ ಬೆವರು ಸುರಿಸಿದವರ ಹಣದಲ್ಲಿ ಎದ್ದ ಮಸೀದಿ, ಮದರಸಗಳಿಗೂ, ಅಮೆರಿಕದ ಅನಿವಾಸಿಗಳ ಡಾಲರಿನಿಂದ ಆದಿವಾಸಿ ಮಕ್ಕಳ ನಡುವೆ ನಡೆಯುವ ಶಾಲೆಗಳಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ದೂರದಿಂದ ಕೊಡುವವನ ಪುಣ್ಯಕ್ಕೆ ಹತ್ತಿರದಲ್ಲಿ ಬದುಕುವವನು ಬೆಲೆ ತೆರಬಾರದು.

ಕಳಿಸುವ ಸಭೆಗಳು ಮಾಡಬೇಕಾದದ್ದು ಬೆಟ್ಟದಂಥ ಕೆಲಸವೇನಲ್ಲ. ಒಂದು ಊರಿನ ಬಗ್ಗೆ ಬರೆದ ವರದಿ ಮೊದಲು ಆ ಊರಿನ ಭಾಷೆಯಲ್ಲಿ, ಆ ಊರಿನವರ ಕೈಯಲ್ಲಿರಲಿ. ಅವರ ಮುಂದೆ ಓದಲು ನಾಚಿಕೆಯಾಗುವ ಸಾಲನ್ನು ಯಾವ ಸಭೆಯ ಮುಂದೆಯೂ ಓದಬಾರದು. ಹಸಿದ ಮಗುವಿನ ಚಿತ್ರವನ್ನೂ ಮತಾಂತರವಾದವರ ತಲೆಯೆಣಿಕೆಯನ್ನೂ ತೋರಿಸಿ ಕಾಣಿಕೆ ಎತ್ತುವುದು ನಿಲ್ಲಲಿ. ಯಾರು ಬರಬೇಕು, ಎಷ್ಟು ಕಾಲ ಇರಬೇಕು, ಯಾವಾಗ ಹೋಗಬೇಕು ಎಂಬುದರಲ್ಲಿ ಊರಿನ ಮಾತಿಗೆ ಬೆಲೆಯಿರಲಿ, 'ಬೇಡ' ಎಂಬ ಮಾತಿಗೂ ಸೇರಿದಂತೆ. ಅರ್ಧ ಬಾಟ್ಸನ್ ಕೊಟ್ಟ ಮನೆಗೆಲಸದವಳ ತ್ಯಾಗವೂ, ಹಿಡಿ ಅಕ್ಕಿ ತೆಗೆದಿಟ್ಟ ಮಿಜೋ ತಾಯಿಯ ತ್ಯಾಗವೂ ಇದರಿಂದ ಕಡಿಮೆಯಾಗುವುದಿಲ್ಲ. ಹಗ್ಗ ಹಿಡಿದವರು ಒಮ್ಮೆ ಕೆಳಗಿರುವ ಜನರನ್ನು ಕೂಗಿ ಕೇಳಲಿ. ಅವರಿಗೂ ಬಾಯಿಯಿದೆ.